ಯಾರೂ ಎಣಿಸದ ಜಾತಿ ಲೆಕ್ಕ

ಚುನಾವಣೆ ಘೋಷಣೆಯಾದ ಮರುದಿನ ಬೆಳಿಗ್ಗೆ ನಿಮ್ಮ ಬ್ಯೂರೋ ಮುಖ್ಯಸ್ಥರು ನಿಮ್ಮನ್ನು ಕರೆದು ಮೊದಲು ಕೇಳುವುದು ರಸ್ತೆಯ ಬಗ್ಗೆ ಅಲ್ಲ, ನೀರಿನ ಬಗ್ಗೆ ಅಲ್ಲ, ಆಸ್ಪತ್ರೆಯ ಬಗ್ಗೆಯೂ ಅಲ್ಲ. ಜಾತಿ ಲೆಕ್ಕಾಚಾರ ಎಲ್ಲಿ ಎಂದು ಕೇಳುತ್ತಾರೆ. ನನ್ನ ಕಾಲದಲ್ಲೂ ಹಾಗೆಯೇ ಇತ್ತು, ಈಗಲೂ ಹಾಗೆಯೇ ಎಂದು ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಹೇಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಉಡುಪಿಯ ಒಂದು ದಿನಪತ್ರಿಕೆಯಲ್ಲಿ ಮೂವತ್ತನಾಲ್ಕು ವರ್ಷ ವರದಿಗಾರನಾಗಿದ್ದೆ. ಯಾವಾಗ ಭಡ್ತಿ ಸಿಕ್ಕಿತು, ಯಾರು ಶಾಲು ಹೊದೆಸಿದರು ಎಂದೆಲ್ಲ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. ನಾನು ಬರೆಯಬೇಕಾದದ್ದು ನಾನೇ ಮಾಡಿದ ಒಂದು ಪಟ್ಟಿಯ ಬಗ್ಗೆ, ಅದರಿಂದ ಬೆಳ್ಮಣ್ ಕಡೆಯ ಒಬ್ಬ ಹೆಂಗಸಿಗೆ ಆದ ಅನ್ಯಾಯದ ಬಗ್ಗೆ. ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಅರ್ಧ ಸಿಟ್ಟು ನನ್ನ ಮೇಲೆಯೇ.

ಆ ಪಟ್ಟಿ ಮಾಡಿದ್ದು ನಾನು ಕೆಲಸಕ್ಕೆ ಸೇರಿದ ಮೇಲೆ ಬಂದ ಮೊದಲ ವಿಧಾನಸಭೆ ಚುನಾವಣೆಯಲ್ಲಿ. ನಮ್ಮ ಬ್ಯೂರೋ ಮುಖ್ಯಸ್ಥರನ್ನು ಊರೆಲ್ಲ ರಾಯರು ಎಂದು ಕರೆಯುತ್ತಿತ್ತು. ಅಕ್ಷರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಂದು ಒತ್ತಕ್ಷರ ತಪ್ಪಿದರೆ ಇಡೀ ವರದಿಯನ್ನು ಹರಿದು ಕೈಗೆ ಕೊಡುವವರು. ಅಂಥವರು ಅಂಕಿಯ ವಿಷಯಕ್ಕೆ ಬಂದರೆ ಮಾತ್ರ ಮಹಾ ಧಾರಾಳಿ. ಉಡುಪಿ, ಕಾಪು, ಕಾರ್ಕಳ ಈ ಮೂರು ಕ್ಷೇತ್ರಗಳಲ್ಲಿ ಯಾವ ಜಾತಿಯವರು ಎಷ್ಟು ಮಂದಿ ಇದ್ದಾರೆ ಎಂದು ಪಟ್ಟಿ ಮಾಡಿಕೊಡು ಎಂದರು. ಎಲ್ಲಿಂದ ಮಾಡುವುದು ಎಂದು ಕೇಳಿದೆ. ಮತದಾರರ ಪಟ್ಟಿಯ ಕಟ್ಟನ್ನು ಮೇಜಿನ ಮೇಲೆ ಕುಕ್ಕಿ, ಹೆಸರಿನ ಬಾಲ ನೋಡಿ ಗುರುತು ಹಾಕು ಎಂದರು.

ಹೆಸರಿನ ಬಾಲ ಎಂದರೆ ಕುಲನಾಮ. ಶೆಟ್ಟಿ, ಪೂಜಾರಿ, ಭಟ್, ಡಿಸೋಜ ಎಂದು ಕಂಡಲ್ಲಿ ಪೆನ್ಸಿಲಿನಿಂದ ಒಂದೊಂದು ಗುರುತು ಹಾಕುತ್ತಾ ಹೋಗುವುದು. ಕೇಳಲು ಸುಲಭ. ಆದರೆ ಪಟ್ಟಿಯಲ್ಲಿದ್ದ ಅರ್ಧಕ್ಕರ್ಧ ಹೆಂಗಸರಿಗೆ ಬಾಲವೇ ಇರಲಿಲ್ಲ. ಕಮಲ, ಗಂಡನ ಹೆಸರು ಸಂಜೀವ. ಲೀಲಾ, ತಂದೆಯ ಹೆಸರು ಬಾಬು. ಇವರನ್ನು ಎಲ್ಲಿಗೆ ಹಾಕುವುದು? ಮೂರು ದಿನ ಕುಳಿತರೂ ಅಂಬಲಪಾಡಿಯ ಒಂದು ಮತಗಟ್ಟೆ ಮುಗಿದಿರಲಿಲ್ಲ. "ಎಂತ ಮಾರಾಯ, ನೀನು ಜನಗಣತಿ ಮಾಡ್ತಾ ಇದ್ದೀಯಾ?" ಎಂದು ರಾಯರು ನಕ್ಕರು. ಎರಡು ಪಕ್ಷಗಳ ಕಚೇರಿಗೆ ಫೋನು ಮಾಡು, ಅವರು ಹೇಳಿದ್ದನ್ನು ಬರೆದುಕೋ, ನಡುವಿನ ಒಂದು ಅಂಕಿ ಹಿಡಿ ಎಂದರು. ಫೋನು ಮಾಡಿದೆ. ಆ ಕಡೆ ಫೋನು ಎತ್ತಿದವರು ಯಾವ ಜಾತಿಯವರೋ ಆ ಜಾತಿಯ ಸಂಖ್ಯೆ ಆ ದಿನ ದುಪ್ಪಟ್ಟಾಯಿತು. ನಾನು ನಡುವಿನ ಅಂಕಿ ಹಿಡಿದೆ.

ಸಂಜೆಯ ಹೊತ್ತಿಗೆ ನನ್ನ ಕೈಯಲ್ಲಿ ಹನ್ನೊಂದು ಸಮುದಾಯಗಳ ಪಟ್ಟಿ ಇತ್ತು. ಅಷ್ಟರಲ್ಲಿ ಪುಟಕ್ಕೆ ಯಾವುದೋ ಬಟ್ಟೆ ಅಂಗಡಿಯ ಜಾಹೀರಾತು ಬಂತು. ಪುಟ ಕಟ್ಟುವವರು ಚೌಕದಲ್ಲಿ ಆರು ಸಾಲಿಗೆ ಮಾತ್ರ ಜಾಗ ಉಂಟು ಎಂದರು. ಮೇಲಿನ ಐದನ್ನು ಉಳಿಸಿಕೊಂಡು, ಕುಲಾಲರು, ದೇವಾಡಿಗರು, ಗಾಣಿಗರು, ಜೈನರು, ಆಚಾರಿಗಳು, ಕೊರಗರು ಎಲ್ಲರನ್ನೂ ಒಟ್ಟಿಗೆ "ಇತರರು" ಎಂಬ ಆರನೆಯ ಸಾಲಿಗೆ ತುಂಬಿದೆ. ಈ ಜಿಲ್ಲೆಯಲ್ಲಿ ಯಾರಿಗೆ ಬಲ ಉಂಟು, ಯಾರಿಗೆ ಇಲ್ಲ ಎಂಬುದನ್ನು ತೀರ್ಮಾನಿಸಿದ್ದು ಒಂದು ಬಟ್ಟೆ ಅಂಗಡಿಯ ಜಾಹೀರಾತು. ನನ್ನ ಜಾತಿ ಯಾವುದು ಎಂಬ ಕುತೂಹಲ ನಿಮಗಿದ್ದರೆ, ಅದು ಮೇಲಿನ ಐದರಲ್ಲಿತ್ತು, ಅಷ್ಟು ತಿಳಿದರೆ ಸಾಕು.

ಪಟ್ಟಿ ಅಚ್ಚಾದ ದಿನ ಮಧ್ಯಾಹ್ನ ಊಟ ಮುಗಿಸಿ ಕುಳಿತು ಸುಮ್ಮನೆ ಕೂಡಿಸಿ ನೋಡಿದೆ. ಕಾಪುವಿನ ಆರು ಸಾಲು ಕೂಡಿಸಿದರೆ ಆ ಕ್ಷೇತ್ರದ ಒಟ್ಟು ಮತದಾರರಿಗಿಂತ ಹೆಚ್ಚಾಗುತ್ತಿತ್ತು. ಓಡಿ ಹೋಗಿ ರಾಯರಿಗೆ ಹೇಳಿದೆ. ಅವರು ತಲೆ ಎತ್ತದೆ, "ಯಾರು ಕೂಡಿಸ್ತಾರೆ?" ಎಂದರು. ಅವರ ಮಾತು ನಿಜವಾಯಿತು. ಒಬ್ಬನೇ ಒಬ್ಬ ಓದುಗ ಕಾಗದ ಬರೆಯಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಮೂರನೆಯ ದಿನ ಒಂದು ಪಕ್ಷದ ನಾಯಕರು ಪತ್ರಿಕಾಗೋಷ್ಠಿಯಲ್ಲಿ ನನ್ನ ಅಂಕಿಯನ್ನೇ ನನಗೆ ಒಪ್ಪಿಸಿದರು. ನಾನು ಅದನ್ನು ಬರೆದುಕೊಂಡು, "ಎಂದು ಅವರು ತಿಳಿಸಿದರು" ಎಂದು ಸೇರಿಸಿದೆ. ಅಲ್ಲಿಗೆ ನನ್ನ ಸುಳ್ಳಿಗೆ ಒಂದು ಮೂಲ ಸಿಕ್ಕಿತು. ಮುಂದಿನ ಚುನಾವಣೆಯಲ್ಲಿ ಇನ್ನೊಂದು ಪತ್ರಿಕೆ ಅದನ್ನು ಹಾಕಿತು. ಆಮೇಲೆ ಪ್ರತಿಸಲವೂ ಎಲ್ಲರೂ ಹಾಕಿದರು.

ಆ ಕಾಲದಲ್ಲಿ ಮತ ಎಣಿಕೆ ಹೇಗೆ ನಡೆಯುತ್ತಿತ್ತು ಎಂದು ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಹಲವು ಮತಗಟ್ಟೆಗಳ ಮತಪತ್ರಗಳನ್ನು ಒಂದೇ ಡ್ರಮ್ಮಿಗೆ ಸುರಿದು, ಕಲಸಿ, ಆಮೇಲೆ ಎಣಿಸುತ್ತಿದ್ದರು. ಯಾವ ಊರು ಯಾರಿಗೆ ಒತ್ತಿದೆ ಎಂದು ಯಾರಿಗೂ ಗೊತ್ತಾಗಬಾರದು ಎಂಬುದೇ ಅದರ ಉದ್ದೇಶ. ನಾವು ಮಾತ್ರ ಡ್ರಮ್ಮಿನ ಒಳಗೆ ಇಳಿದು ನೋಡಿದವರ ಹಾಗೆ, ಇಂಥ ಊರಿನ ಇಂಥ ಜಾತಿ ಇಂಥ ಪಕ್ಷಕ್ಕೆ ಸಾರಾಸಗಟಾಗಿ ಮತ ಹಾಕಿದೆ ಎಂದು ಬರೆಯುತ್ತಿದ್ದೆವು. ಸ್ವಲ್ಪವೂ ನಾಚಿಕೆ ಇರಲಿಲ್ಲ.

ಒಮ್ಮೆ ಕಾಪು ಕಡೆಯ ಒಂದು ಊರಿನ ಕ್ರೈಸ್ತರ ಮತಗಳೆಲ್ಲ ಒಂದೇ ಕಡೆ ಬಿದ್ದಿವೆ ಎಂದು ಬರೆದೆ. ಮರುದಿನ ಲಾರೆನ್ಸ್ ಎಂಬ ಮಲ್ಲಿಗೆ ಕೃಷಿಕರು ತಮ್ಮ ತಮ್ಮನನ್ನು ಕರೆದುಕೊಂಡು ಕಚೇರಿಗೆ ಬಂದರು. ಇಬ್ಬರೂ ಒಂದೇ ಮನೆಯವರು, ಒಂದೇ ಬೂತಿನಲ್ಲಿ ಎದುರುಬದುರು ಪಕ್ಷಗಳ ಏಜೆಂಟರು. ಪ್ರಚಾರದ ಒಂದು ತಿಂಗಳು ಅಣ್ಣತಮ್ಮಂದಿರು ಮಾತು ಬಿಟ್ಟು, ನಡುವೆ ತಾಯಿ ಅಳುತ್ತಾ ಗಂಜಿ ಬಡಿಸಿದ್ದಾರಂತೆ. "ನಾವು ಒಟ್ಟಿಗೆ ಕೂತು ಊಟ ಮಾಡ್ಲಿಲ್ಲ ಮಾರಾಯ್ರೆ, ನೀವು ನಮ್ಮನ್ನು ಒಂದೇ ಪೆಟ್ಟಿಗೆಗೆ ಹಾಕಿದ್ದು ಹೇಗೆ?" ಎಂದು ಲಾರೆನ್ಸ್ ಕೇಳಿದರು. ಚಹಾ ತರಿಸಿದೆ. ಅವರು ಕುಡಿಯದೆ ಹೋದರು. ತಮ್ಮ ಮಾತ್ರ ಕುಡಿದ.

ಪಕ್ಷಗಳ ಕಥೆಯನ್ನಂತೂ ಕೇಳುವುದೇ ಬೇಡ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ವೇದಿಕೆಯ ಮೇಲೆ ನಮ್ಮಲ್ಲಿ ಜಾತಿ ಇಲ್ಲ ಎಂದು ಎದೆ ತಟ್ಟಿಕೊಂಡವರೇ ವೇದಿಕೆಯಿಂದ ಇಳಿದು, ನಿಮ್ಮ ಪಟ್ಟಿಯಲ್ಲಿ ನಮ್ಮವರನ್ನು ಸ್ವಲ್ಪ ಹೆಚ್ಚು ಮಾಡಲಿಕ್ಕೆ ಆಗ್ತದಾ ಎಂದು ನನ್ನ ಭುಜದ ಮೇಲೆ ಕೈ ಹಾಕುತ್ತಿದ್ದರು. ಬಾವುಟದ ಬಣ್ಣ ಯಾವುದಾದರೂ ಈ ಮಾತಿನಲ್ಲಿ ವ್ಯತ್ಯಾಸ ಇರಲಿಲ್ಲ. ಇನ್ನು ಫಲಿತಾಂಶ ಬಂದ ದಿನದ ನಮ್ಮ ಜಾಣತನ ನೋಡಿ. ದೊಡ್ಡ ಸಾಲಿನ ಜಾತಿಯವ ಗೆದ್ದರೆ ಜಾತಿ ಕೈಹಿಡಿಯಿತು ಎಂದು ಬರೆಯುತ್ತಿದ್ದೆವು. ಸೋತರೆ ಅಲೆ ಇತ್ತು ಎಂದು ಬರೆಯುತ್ತಿದ್ದೆವು. ಗೆದ್ದರೂ ಸೋತರೂ ಪಟ್ಟಿ ಮಾತ್ರ ತಪ್ಪಾಗುತ್ತಿರಲಿಲ್ಲ. ಇಂಥ ಸೌಭಾಗ್ಯ ಪಂಚಾಂಗಕ್ಕೂ ಇಲ್ಲ.

ಇನ್ನು ಗಿರಿಜಾ ಅವರ ವಿಷಯ.

ಪಂಚಾಯತಿಗಳಲ್ಲಿ ಹೆಂಗಸರಿಗೆ ಮೀಸಲಾತಿ ಬಂದಾಗ ಬೆಳ್ಮಣ್ ಹತ್ತಿರದ ಒಂದು ವಾರ್ಡಿನಿಂದ ಗೆದ್ದವರು ಗಿರಿಜಾ. ಕುಲಾಲರ ಮನೆಯವರು. ಗಂಡ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಮೊದಲ ವರ್ಷ ಆಕೆ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲವಂತೆ. ಎರಡನೆಯ ವರ್ಷದಿಂದ ಬಿಟ್ಟ ಬಾಯಿ ಮುಚ್ಚಲಿಲ್ಲ ಎಂದು ಪಂಚಾಯತಿಯ ಕಾರ್ಯದರ್ಶಿ ನನಗೆ ಹೇಳಿ ಹಣೆ ಒತ್ತಿಕೊಂಡಿದ್ದ. ಮಕ್ಕಳು ಶಾಲೆಗೆ ಹೋಗಲು ಎರಡು ಅಡಿಕೆ ಮರ ಹಾಕಿದ ಕಾಲುಸಂಕ ಇದ್ದಲ್ಲಿ ಕಾಂಕ್ರೀಟಿನ ಸೇತುವೆ ಆಗುವವರೆಗೆ ಗಿರಿಜಾ ಕಾರ್ಕಳದ ತಾಲೂಕು ಕಚೇರಿಗೆ ಹನ್ನೊಂದು ಸಲ ಹೋಗಿದ್ದರು. ನಾನು ಆ ಸೇತುವೆಯ ಬಗ್ಗೆ ಒಂದು ಸುದ್ದಿ ಮಾಡಿದ್ದೆ. ಅದರಲ್ಲಿ ಉದ್ಘಾಟನೆ ಮಾಡಿದವರ ಹೆಸರು ಇತ್ತು, ಗಿರಿಜಾ ಅವರದ್ದು ಇರಲಿಲ್ಲ. ಅದೂ ನನ್ನದೇ ತಪ್ಪು.

ಮುಂದಿನ ಜಿಲ್ಲಾ ಪಂಚಾಯತ್ ಚುನಾವಣೆಗೆ ಅವರ ಪಕ್ಷದ ಕಾರ್ಯಕರ್ತರೆಲ್ಲ ಅವರ ಹೆಸರನ್ನೇ ಹೇಳಿದರು. ಟಿಕೆಟ್ ಖಂಡಿತ ಎಂದು ನಾನೂ ತಿಳಿದಿದ್ದೆ. ಆದರೆ ಅದೇ ವಾರ ರಾಯರು ಜಿಲ್ಲಾ ಪಂಚಾಯತಿನ ಪ್ರತಿ ಕ್ಷೇತ್ರಕ್ಕೂ ಜಾತಿ ಲೆಕ್ಕ ಬೇಕು ಎಂದಿದ್ದರು. ನಾನು ಕುಳಿತಲ್ಲಿಂದ ಏಳದೆ ವಿಧಾನಸಭೆಯ ಹಳೆಯ ಪಟ್ಟಿಯನ್ನೇ ದೋಸೆ ಹರಿದ ಹಾಗೆ ಹರಿದು ಒಂದೊಂದು ಕ್ಷೇತ್ರಕ್ಕೆ ಒಂದೊಂದು ತುಂಡು ಹಂಚಿದೆ. ಅದೇ ಆರು ಸಾಲು, ಅದೇ "ಇತರರು".

ಪಟ್ಟಿ ಅಚ್ಚಾದ ದಿನ ಮಧ್ಯಾಹ್ನ ಮೂರು ಗಂಟೆಗೆ ಗಿರಿಜಾ ನಮ್ಮ ಕಚೇರಿಗೆ ಬಂದರು. ಪಕ್ಷದ ಕಚೇರಿಯಿಂದ ನೇರವಾಗಿ ಬಂದಿದ್ದರು. ಕೈಯಲ್ಲಿ ನಮ್ಮ ಪತ್ರಿಕೆಯ ಕತ್ತರಿಸಿದ ತುಂಡು. ಅದನ್ನು ಅವರಿಗೆ ಕೊಟ್ಟದ್ದು ಪಕ್ಷದ ಅಧ್ಯಕ್ಷರೇ. ನಿಮ್ಮ ಕೆಲಸ ಒಳ್ಳೆಯದುಂಟು ಅಕ್ಕ, ಆದರೆ ನಿಮ್ಮ ಜನ ಇಲ್ಲಿ ಲೆಕ್ಕದಲ್ಲೇ ಇಲ್ಲವಲ್ಲ, ಪೇಪರಿನಲ್ಲೇ ಬಂದಿದೆ ನೋಡಿ ಎಂದಿದ್ದರಂತೆ.

ಅವರು ಆ ತುಂಡನ್ನು ನನ್ನ ಮೇಜಿನ ಮೇಲೆ ಇಟ್ಟು, ಕೈಯಿಂದ ಮಡಿಕೆ ಸರಿಮಾಡಿ, ಬಹಳ ಮೆಲ್ಲಗೆ ಕೇಳಿದರು. "ಇದನ್ನು ಯಾರು ಎಣಿಸಿದ್ದು?"

ಬಲ್ಲ ಮೂಲಗಳು ಎಂದೆ. ಪಕ್ಕದ ಕುರ್ಚಿಯಿಂದ ರಾಯರು ನನ್ನನ್ನೇ ನೋಡುತ್ತಿದ್ದರು.

"ನಮ್ಮ ವಾರ್ಡಿಗೆ ಯಾರೂ ಬರ್ಲಿಲ್ಲ. ಪಕ್ಕದ ವಾರ್ಡಿಗೂ ಬರ್ಲಿಲ್ಲ. ನಾನು ಮನೆ ಮನೆ ತಿರುಗಿದವಳು. ನಮ್ಮವರು ಎಷ್ಟು ಮನೆ ಉಂಟು ಅಂತ ನನಗೆ ಬಾಯಿಪಾಠ. ಅದಿರ್ಲಿ, ನನಗೆ ಓಟು ಹಾಕುವವರು ನಮ್ಮವರು ಮಾತ್ರ ಅಂತ ನಿಮಗೆ ಯಾರು ಹೇಳಿದ್ದು?" ಎಂದರು. ಆಮೇಲೆ ತಮಗೆ ಬೇಕಾದದ್ದನ್ನು ಹೇಳಿದರು. ಮರುದಿನ ಹನ್ನೊಂದು ಗಂಟೆಗೆ ಅಧ್ಯಕ್ಷರು ಹೆಸರು ಪ್ರಕಟಿಸುತ್ತಾರೆ. ಅದಕ್ಕೆ ಮೊದಲು, ಬೆಳಗಿನ ಪತ್ರಿಕೆಯಲ್ಲಿ, ಈ ಪಟ್ಟಿ ಸರಿಯಿಲ್ಲ ಎಂದು ಎರಡು ಸಾಲು ಬಂದರೆ ಸಾಕು. ಬೇರೆ ಏನೂ ಬೇಡ.

ನೋಡುತ್ತೇನೆ ಎಂದೆ. ಅವರು ಆ ಮಾತನ್ನು ನಂಬಿ ನಮಸ್ಕಾರ ಮಾಡಿ ಹೋದರು.

ಎರಡು ಸಾಲು ಬರೆದೆ ಕೂಡ. ರಾಯರ ಮುಂದೆ ಹಿಡಿದೆ. ಅವರು ಓದಿ, ಮಡಚಿ, ತಮ್ಮ ಮೇಜಿನ ಖಾನೆಗೆ ಹಾಕಿಕೊಂಡರು. ಒಂದು ಸಲ ತಪ್ಪು ಎಂದು ಒಪ್ಪಿಕೊಂಡರೆ ಇಷ್ಟು ವರ್ಷ ಹಾಕಿದ್ದನ್ನು ಜನ ಏನೆಂದು ತಿಳಿಯುತ್ತಾರೆ, ನಾಳೆ ಇನ್ನೊಬ್ಬ ಬರುತ್ತಾನೆ, ನಾಡಿದ್ದು ಮತ್ತೊಬ್ಬ ಎಂದರು. ನಾನು ವಾದ ಮಾಡಬಹುದಿತ್ತು. ಪುಟ ಕಟ್ಟುವವರ ಹತ್ತಿರ ನೇರವಾಗಿ ಕೊಡಬಹುದಿತ್ತು. ಅಧ್ಯಕ್ಷರಿಗೇ ಒಂದು ಫೋನು ಮಾಡಿ, ಸ್ವಾಮಿ, ಅದು ನಾನು ಕೂತಲ್ಲೇ ಬರೆದದ್ದು, ಅದನ್ನು ನಂಬಬೇಡಿ ಎನ್ನಬಹುದಿತ್ತು. ಮಾಡಲಿಲ್ಲ. ನಾಯಿಗೆ ಹೆದರಿದವನ ಹಾಗೆ ಗೋಡೆಯ ಬದಿ ಹಿಡಿದು ಮನೆಗೆ ಹೋದೆ. ಸಾವಿರ ಜನರ ತಪ್ಪು ಎತ್ತಿ ಆಡುವ ಕೆಲಸ ನಮ್ಮದು. ನಮ್ಮ ಒಂದು ತಪ್ಪು ಎರಡು ಸಾಲಿನಲ್ಲಿ ಹೇಳಲಿಕ್ಕೆ ಬಾಯಿ ಬರುವುದಿಲ್ಲ. ಥೂ, ಎಂಥ ಬಾಳು.

ಟಿಕೆಟ್ಟು ನಮ್ಮ ಪಟ್ಟಿಯ ಮೇಲಿನ ಸಾಲಿನ ಜಾತಿಯವರೊಬ್ಬರಿಗೆ ಹೋಯಿತು. ಆ ವಾರ್ಡಿನ ಸೇತುವೆ ಯಾವ ದಿಕ್ಕಿಗೆ ಉಂಟು ಎಂದೂ ಅವರಿಗೆ ಗೊತ್ತಿರಲಿಲ್ಲ. ಗಿರಿಜಾ ಸಿಟ್ಟಿನಿಂದ ಪಕ್ಷೇತರರಾಗಿ ನಿಂತರು. ಕಾಲ್ನಡಿಗೆಯಲ್ಲೇ ಊರೂರು ತಿರುಗಿ ಪ್ರಚಾರ ಮಾಡಿದರು. ಸೋತರು. ಆದರೆ ಸಣ್ಣ ಅಂತರದಲ್ಲಿ ಸೋತರು. ಅವರಿಗೆ ಬಿದ್ದ ಮತಗಳಲ್ಲಿ ನಮ್ಮ ಆರು ಸಾಲಿನ ಎಲ್ಲರೂ ಇದ್ದಿರಲೇಬೇಕು, ಇಲ್ಲವಾದರೆ ಅಷ್ಟು ಆಗುವುದಿಲ್ಲ. ಮರುದಿನದ ನಮ್ಮ ಫಲಿತಾಂಶದ ಪುಟದಲ್ಲಿ ಎರಡು ಪಕ್ಷದವರ ಹೆಸರು ಇತ್ತು. ಕೆಳಗೆ "ಇತರರು" ಎಂದು ಒಂದು ಅಂಕಿ ಇತ್ತು. ಪಕ್ಷದ ವಿರುದ್ಧ ನಿಂತರು ಎಂದು ಅವರನ್ನು ಹೊರಗೆ ಹಾಕಿದರು. ಆಮೇಲೆ ವಾರ್ಡಿನ ಚುನಾವಣೆಗೂ ಅವರನ್ನು ಯಾರೂ ಕರೆಯಲಿಲ್ಲ. ಹನ್ನೊಂದು ಸಲ ಕಾರ್ಕಳಕ್ಕೆ ಹೋಗುವ ಹೆಂಗಸು ಒಂದು ಜಿಲ್ಲೆಗೆ ಎಷ್ಟು ಮಂದಿ ಸಿಗುತ್ತಾರೆ ಹೇಳಿ.

ನಾನು ನಿವೃತ್ತನಾದೆ. ಅದಕ್ಕೂ ಮೊದಲೇ ಮತಯಂತ್ರ ಬಂದು ಡ್ರಮ್ಮು ಹೋಗಿತ್ತು. ಬೂತು ಬೂತಿನ ಲೆಕ್ಕ ಕೈಗೆ ಸಿಗತೊಡಗಿದ ಮೇಲಾದರೂ ನಮ್ಮ ಬೊಗಳೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಈಚೆಗೆ ಮಣಿಪಾಲದ ಒಂದು ಹೋಟೆಲಿನ ಸಭಾಂಗಣದಲ್ಲಿ ಒಂದು ಪಕ್ಷದವರ ಸಭೆ ಇತ್ತು. ಹಿರಿಯ ಪತ್ರಕರ್ತರು ಎಂದು ನನ್ನನ್ನೂ ಕರೆದಿದ್ದರು. ಹೊರಗಿನಿಂದ ಬಂದ ಸಮೀಕ್ಷೆಯವನೊಬ್ಬ ಕೋಟು ಹಾಕಿಕೊಂಡು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸುತ್ತಿದ್ದ. ಮೂವತ್ತು ವರ್ಷದ ಡೇಟಾ ಎಂದ. ಕಾಪುವಿನ ಚಿತ್ರ ಬಂತು. ನೋಡಿದರೆ ನನ್ನದೇ ಆರು ಸಾಲು! ಅದೇ ಕ್ರಮ, ಅದೇ ಅನುಪಾತ. ಫೋನಿನಲ್ಲಿ ಕೂಡಿಸಿ ನೋಡಿದೆ. ಮೊತ್ತ ಆಗಲೂ ನೂರಕ್ಕೆ ನೂರಕ್ಕಿಂತ ಹೆಚ್ಚು. ಮುಂದಿನ ಚಿತ್ರದಲ್ಲಿ ಟಿಕೆಟ್ ಕೇಳಿದವರ ಹೆಸರುಗಳಿದ್ದವು. ಕೆಲವರ ಎದುರು ಕೆಂಪು ಗೆರೆ ಎಳೆದು, ಸಂಖ್ಯಾಬಲ ಇಲ್ಲ ಎಂದು ಬರೆದಿತ್ತು. ಅದರಲ್ಲಿ ಒಬ್ಬಳು ಎಲ್ಲೂರು ಕಡೆಯ ಹುಡುಗಿ, ವಕೀಲೆ. ಎರಡನೆಯ ಸಾಲಿನಲ್ಲಿ ಕುಳಿತು ತನ್ನ ಹೆಸರಿನ ಮೇಲಿನ ಗೆರೆಯನ್ನು ನೋಡುತ್ತಿದ್ದಳು.

ನನಗೆ ತಡೆಯಲಿಕ್ಕಾಗಲಿಲ್ಲ. ಎದ್ದು ನಿಂತು, ಈ ಲೆಕ್ಕವನ್ನು ಯಾರೂ ಎಣಿಸಿದ್ದಲ್ಲ, ನಾನು ಕಚೇರಿಯಲ್ಲಿ ಕುಳಿತು ಬರೆದದ್ದು ಎಂದೆ. ವೇದಿಕೆಯಲ್ಲಿದ್ದವರು ನಕ್ಕು, ನಮ್ಮ ಸದಾನಂದಣ್ಣನ ಅನುಭವವೇ ಅಂಥದ್ದು, ಕೂತಲ್ಲೇ ಇಡೀ ಜಿಲ್ಲೆಯ ನಾಡಿ ಹಿಡಿಯುತ್ತಿದ್ದರು ಎಂದರು. ಜನ ಚಪ್ಪಾಳೆ ತಟ್ಟಿದರು. ತಪ್ಪೊಪ್ಪಿಗೆಯನ್ನು ಬಡಾಯಿ ಎಂದು ತಿಳಿದುಕೊಂಡರಲ್ಲ ಎಂದು ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆ ವಕೀಲೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನನ್ನ ಕಡೆ ಒಮ್ಮೆ ತಿರುಗಿ ನೋಡಿ, ಬ್ಯಾಗು ಎತ್ತಿಕೊಂಡು ಹೊರಗೆ ಹೋದಳು.

ಮರುದಿನ ಬೆಳ್ಮಣ್ ಬಸ್ಸು ಹತ್ತಿದೆ.

ಗಿರಿಜಾ ಮನೆಯ ಜಗುಲಿಯಲ್ಲಿ ಕುಳಿತು ಯಾರದೋ ವಿಧವಾ ವೇತನದ ಅರ್ಜಿ ತುಂಬಿಸುತ್ತಿದ್ದರು. ಅರ್ಜಿಯ ಹೆಂಗಸು ಪಕ್ಕದಲ್ಲೇ ಇದ್ದಳು. ಗಿರಿಜಾ ಅವರ ಕೂದಲು ಪೂರ್ತಿ ಬೆಳ್ಳಗಾಗಿದೆ, ಕನ್ನಡಕ ಬಂದಿದೆ, ಬಾಯಿ ಹಾಗೆಯೇ ಇದೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಕೂತುಕೊಳ್ಳಿ, ಇದೊಂದು ಮುಗಿಸ್ತೇನೆ ಎಂದರು. ಮುಗಿಸಿ, ಆಧಾರ್ ಕಾರ್ಡಿನ ಪ್ರತಿ ಯಾವ ಕಡೆ ಲಗತ್ತಿಸಬೇಕು ಎಂದು ಹೇಳಿ ಆ ಹೆಂಗಸನ್ನು ಕಳುಹಿಸಿದ ಮೇಲೆ ನನ್ನ ಕಡೆ ತಿರುಗಿದರು. ನಾನು ಎಲ್ಲ ಹೇಳಿದೆ. ಬಟ್ಟೆ ಅಂಗಡಿಯ ಜಾಹೀರಾತು, ನಡುವಿನ ಅಂಕಿ, ರಾಯರ ಖಾನೆಗೆ ಹೋದ ಎರಡು ಸಾಲು, ಹಿಂದಿನ ದಿನದ ಸಭೆಯಲ್ಲಿ ಕಂಡ ವಕೀಲೆ, ಎಲ್ಲ.

ಅವರಿಗೆ ಆಶ್ಚರ್ಯವಾಗಲಿಲ್ಲ. "ನಿಮ್ಮ ಮುಖ ನೋಡುವಾಗಲೇ ನನಗೆ ಆ ದಿನ ಗೊತ್ತಾಗಿತ್ತು. ಎಣಿಸಿದವ ಆದ್ರೆ ಜಗಳಕ್ಕೆ ಬರ್ತಿದ್ದ. ನೀವು ಮೇಜು ನೋಡ್ತಾ ಇದ್ರಿ," ಎಂದರು. ಆಮೇಲೆ, "ಸೋತದ್ದಕ್ಕೆ ನನಗೆ ಬೇಸರ ಇಲ್ಲ. ನಿಮ್ಮ ಕಚೇರಿಗೆ ಬಂದ ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಪೇಪರಿನವನನ್ನು ಕಾದಿದ್ದೆ. ಒಂದು ಪುಟ ಬಿಡದೆ ಹುಡುಕಿದ್ದೆ. ಅದಕ್ಕೆ ಬೇಸರ ಉಂಟು," ಎಂದರು.

ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. ನನ್ನ ಹತ್ತಿರ ಕ್ಷಮೆ ಕೇಳಿ ಎಂತ ಪ್ರಯೋಜನ, ಸುಳ್ಳು ಅಚ್ಚಾದದ್ದು ಪೇಪರಿನಲ್ಲಿ, ನಿಜವೂ ಅಲ್ಲೇ ಅಚ್ಚಾಗಲಿ, ಆ ವಕೀಲೆ ಹುಡುಗಿಗಾದರೂ ಬೇಕಾಗುತ್ತದೆ ಎಂದರು. ತಾವೇ ಒಂದು ಹಾಳೆಯನ್ನೂ ಪೆನ್ನನ್ನೂ ನನ್ನ ಕೈಗೆ ಕೊಟ್ಟರು.

ಮೂವತ್ತನಾಲ್ಕು ವರ್ಷದ ಅಭ್ಯಾಸ ನೋಡಿ, ಕೈ ತಾನಾಗಿ ಬರೆಯಿತು. "ಪ್ರಮಾದವಶಾತ್ ತಪ್ಪಾಗಿ ಪ್ರಕಟವಾಗಿದೆ, ವಿಷಾದಿಸುತ್ತೇವೆ." ಎಲ್ಲ ಪತ್ರಿಕೆಗಳೂ ತಿದ್ದುಪಡಿ ಬರೆಯುವುದು ಹೀಗೆಯೇ. ಓದಿ ಹೇಳಿದೆ.

"ಪ್ರಮಾದ ಎಲ್ಲಿಂದ ಬಂತು? ಗೊತ್ತಿದ್ದೇ ಮಾಡಿದ್ದಲ್ವಾ?" ಎಂದರು ಗಿರಿಜಾ. "ಪ್ರಕಟವಾಗಿದೆ ಅಂದ್ರೆ ಎಂತ, ಅದಷ್ಟಕ್ಕೇ ಆಯ್ತಾ? ವಿಷಾದಿಸುತ್ತೇವೆ ಅಂದ್ರೆ ಯಾರು, ನೀವು ಎಷ್ಟು ಜನ ಇದ್ದೀರಿ?"

ಒಂದೊಂದು ಶಬ್ದವನ್ನೂ ಹೊಡೆದು ಹಾಕಿಸಿ, ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ರಾಯರ ಹತ್ತಿರವೂ ನಾನು ಇಷ್ಟು ಪಾಠ ಕಲಿತಿರಲಿಲ್ಲ.

ಅದನ್ನು ಹಿಡಿದುಕೊಂಡು ಹಳೆಯ ಕಚೇರಿಗೆ ಹೋದೆ. ಈಗ ಅಲ್ಲಿ ಮುಖ್ಯಸ್ಥನಾಗಿರುವ ಪ್ರದೀಪ ನಾನೇ ಕೈಹಿಡಿದು ಕಲಿಸಿದವನು. ಎರಡು ಸಲ ಓದಿದ. ಸರ್, ಇದನ್ನು ಹಾಕಿದರೆ ಇಷ್ಟು ವರ್ಷದ್ದೆಲ್ಲ ಏನಾಗ್ತದೆ ಎಂದ. ಅವನಿಗೆ ಈ ಮಾತು ಕಲಿಸಿದ ಕಚೇರಿಯಲ್ಲಿ ನಾನೂ ಇದ್ದೆ. ಹಾಳೆಯನ್ನು ವಾಪಸು ತೆಗೆದುಕೊಂಡೆ.

ಆದ್ದರಿಂದ ಇಲ್ಲಿ ಹಾಕುತ್ತಿದ್ದೇನೆ. ಒಂದು ಅಕ್ಷರವೂ ನನ್ನದಲ್ಲ, ಗಿರಿಜಾ ಹೇಳಿ ಬರೆಸಿದ್ದು:

"ಉಡುಪಿ, ಕಾಪು, ಕಾರ್ಕಳದಲ್ಲಿ ಯಾವ ಜಾತಿ ಎಷ್ಟು ಎಂದು ಪೇಪರಿನಲ್ಲಿ ಬರುವ ಲೆಕ್ಕ ಸುಳ್ಳು. ಅದನ್ನು ಮೊದಲು ಬರೆದವನು ನಾನು. ಯಾರ ಮನೆಗೂ ಹೋಗಲಿಲ್ಲ, ಯಾರನ್ನೂ ಎಣಿಸಲಿಲ್ಲ. ಗಿರಿಜಾ ಎಂಬ ಹೆಂಗಸು ಬಂದು ಮುಖಕ್ಕೆ ಮುಖ ಕೊಟ್ಟು ಕೇಳಿದಾಗ ನನಗೆ ನಿಜ ಗೊತ್ತಿತ್ತು. ಹೇಳಲಿಲ್ಲ."